ಬೋಂಡನಿಗಾಗಿ ಒಂದು ಚೀಟಿ: ಕ್ಯಾಲಿಫೋರ್ನಿಯಾದಲ್ಲಿ ಇಎಸ್‌ಎ ಪತ್ರ ಪಡೆದ ಎಪ್ಪತ್ತು ದಿನ

ಬೋಂಡನ ತೂಕ 52 ಪೌಂಡ್. ನಮ್ಮ ಅಪಾರ್ಟ್‌ಮೆಂಟಿನ ಲೀಸ್‌ನಲ್ಲಿ (ಬಾಡಿಗೆ ಕರಾರಿನಲ್ಲಿ) ನಾಯಿಗೆ ಹಾಕಿರುವ ಮಿತಿ 25 ಪೌಂಡ್. ಮಿಕ್ಕ 27 ಪೌಂಡನ್ನು ಬಾಗಿಲ ಒಳಗೆ ಬಿಟ್ಟುಕೊಳ್ಳಲು ನನಗೆ ಹಿಡಿದದ್ದು ಸರಿಯಾಗಿ ಎಪ್ಪತ್ತು ದಿನ. ನಾಯಿ ಮನಸ್ಸಿಗೆ ಆಸರೆಯಾಗಿ ಬೇಕು ಅಂತ ಥೆರಪಿಸ್ಟ್ (ಮನಸ್ಸಿನ ತೊಂದರೆಗೆ ಚಿಕಿತ್ಸೆ ಕೊಡುವವರು) ಬರೆದುಕೊಡುವ ಪತ್ರವೇ ಇಎಸ್‌ಎ ಪತ್ರ. ಅದರ ಓಡಾಟ 2024ರ ಜುಲೈ 1ಕ್ಕೆ ಶುರುವಾಗಿ ಸೆಪ್ಟೆಂಬರ್ 9ಕ್ಕೆ ಮುಗಿಯಿತು. ಅದರಲ್ಲಿ ಹನ್ನೊಂದು ದಿನ ನನ್ನ ದಡ್ಡತನಕ್ಕೇ ಹೋಯಿತು. ನಿಮ್ಮದು ಹಾಗೆ ಹೋಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ, ಊರು ತಿಪಟೂರು. 2021ರ ಮೇ ತಿಂಗಳಲ್ಲಿ ಅಪ್ಪ ಹೋದರು. ಫೋನ್ ಬಂದಾಗ ಇಲ್ಲಿ ಬೆಳಗಿನ ಜಾವ ಮೂರು ಗಂಟೆ, ಊರಲ್ಲಿ ಮಧ್ಯಾಹ್ನ ಮೂರೂವರೆ. ಆ ತಿಂಗಳ 4ನೇ ತಾರೀಖಿನಿಂದ ಭಾರತದಿಂದ ಬರುವವರಿಗೆ ಅಮೆರಿಕ ನಿರ್ಬಂಧ ಹಾಕಿತ್ತು. ಹೋದರೆ ವಾಪಸ್ ಬರೋದು ಯಾವಾಗಲೋ ಅಂದರು ಎಲ್ಲರೂ. ನಾನು ಹೋಗಲಿಲ್ಲ. ತಿಥಿಯನ್ನು ಫೋನಿನಲ್ಲಿ ನೋಡಿದೆ.

ಅಲ್ಲಿಂದಾಚೆಗೆ ರಾತ್ರಿ ಮೂರಕ್ಕೆ ತಾನಾಗಿ ಎಚ್ಚರವಾಗುತ್ತಿತ್ತು. ಎದೆ ಡವಡವ, ಬೆರಳ ತುದಿಗಳು ಜೋಮು ಹಿಡಿದ ಹಾಗೆ. ಮೊದಮೊದಲು ಗ್ಯಾಸ್ಟ್ರಿಕ್ ಅಂದುಕೊಂಡೆ. ಆಮೇಲೆ ಹಗಲಲ್ಲೂ ಬರತೊಡಗಿತು. 101 ಫ್ರೀವೇಯಲ್ಲಿ, ಅಂದರೆ ಇಲ್ಲಿನ ಹೆದ್ದಾರಿಯಲ್ಲಿ, ಒಮ್ಮೆ ಬಂದ ಮೇಲೆ ಫ್ರೀವೇ ಹತ್ತುವುದನ್ನೇ ಬಿಟ್ಟೆ. ಹದಿನೈದು ನಿಮಿಷದ ದಾರಿಯನ್ನು ಒಳರಸ್ತೆಯಲ್ಲಿ ನಲವತ್ತು ನಿಮಿಷ ಸುತ್ತಿ ಆಫೀಸಿಗೆ ಹೋಗುತ್ತಿದ್ದೆ. ಹೀಗೇ ಮೂರು ವರ್ಷ.

ಬೋಂಡ ನನ್ನ ಸಹೋದ್ಯೋಗಿ ಗೆಳೆಯನೊಬ್ಬನ ನಾಯಿ. ಕಾಗದದಲ್ಲಿ ಅವನಿಗೆ ಬೇರೆ ಹೆಸರಿದೆ. ಕಂದು ಬಣ್ಣ, ದುಂಡು ಮೈ ನೋಡಿ ಬೋಂಡ ಅಂದವಳು ನಾನು. 2024ರ ಮೇ ತಿಂಗಳಲ್ಲಿ ಗೆಳೆಯ ಹತ್ತು ದಿನ ಹೈದರಾಬಾದಿಗೆ ಹೋದಾಗ ಅವನ ಮನೆಯಲ್ಲಿದ್ದು ನಾಯಿ ನೋಡಿಕೊಂಡೆ. ಎರಡನೇ ರಾತ್ರಿ ಮೂರಕ್ಕೆ ಎದ್ದು ಕೂತಿದ್ದಾಗ ಬೋಂಡ ಬಂದು ನನ್ನ ಪಾದದ ಮೇಲೆ ಗಲ್ಲ ಇಟ್ಟು ಮಲಗಿದ. ಭಾರ, ಬಿಸಿ, ಸ್ವಲ್ಪ ಒದ್ದೆ. ಎದ್ದು ಓಡಾಡೋಣ ಅಂದರೆ ಕಾಲು ಎಳೆದುಕೊಳ್ಳಬೇಕು, ಅವನಿಗೆ ಎಚ್ಚರವಾಗುತ್ತದೆ. ಸುಮ್ನೆ ಕೂತೆ. ಕೂತಲ್ಲೇ ನಿದ್ದೆ ಬಂತು. ಆ ಹತ್ತು ದಿನದಲ್ಲಿ ಏಳು ರಾತ್ರಿ ಬೆಳಗಿನವರೆಗೆ ಮಲಗಿದ್ದೆ.

ಜುಲೈ 1ಕ್ಕೆ ಗೆಳೆಯನ ಕೆಲಸ ಹೋಯಿತು. ಎಚ್‌-1ಬಿ ಕೆಲಸದ ವೀಸಾ ಮೇಲಿರುವವರಿಗೆ ಗೊತ್ತಿರುವ ಲೆಕ್ಕ: ಕೆಲಸ ಹೋದ ಮೇಲೆ 60 ದಿನ. ಅಷ್ಟರಲ್ಲಿ ಹೊಸ ಕೆಲಸ ಸಿಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಊರ ಮನೆಯಲ್ಲಿ ವಯಸ್ಸಾದ ಅಜ್ಜಿ, ನಾಯಿ ಆಗುವುದಿಲ್ಲ ಅಂತ ಅವನು ಅವತ್ತೇ ಹೇಳಿದ. "ನೀನು ಇಟ್ಕೋತೀಯಾ?" ಅಂದ. ನಾನು ಯೋಚಿಸದೆ ಹೂಂ ಅಂದೆ. ಲೀಸ್ ತೆಗೆದು ಓದಿದ್ದು ಆಮೇಲೆ. 25 ಪೌಂಡ್ ಮಿತಿ, 500 ಡಾಲರ್ ಪೆಟ್ ಡಿಪಾಸಿಟ್, ತಿಂಗಳಿಗೆ 75 ಡಾಲರ್ ಪೆಟ್ ರೆಂಟ್, ಜೊತೆಗೆ ನಿಷೇಧಿಸಿದ ತಳಿಗಳ ಪಟ್ಟಿ. ಬೋಂಡನ ಕಾಗದದಲ್ಲಿ 'ಪಿಟ್ ಬುಲ್ ಮಿಕ್ಸ್' ಅಂತಿದೆ. ಪಟ್ಟಿಯಲ್ಲಿ ಮೊದಲನೇ ಹೆಸರೇ ಅದು.

ಆಗ ಯಾರೋ ಅಂದರು, "ಇಎಸ್‌ಎ ಮಾಡಿಸಿಬಿಡು, ಹತ್ತು ನಿಮಿಷದ ಕೆಲಸ." ಇಎಸ್‌ಎ ಅಂದರೆ ಎಮೋಷನಲ್ ಸಪೋರ್ಟ್ ಅನಿಮಲ್, ಮನಸ್ಸಿಗೆ ಆಸರೆಯಾಗುವ ಪ್ರಾಣಿ. ಗೂಗಲ್ ಮಾಡಿದರೆ ಸಾಲುಸಾಲು ವೆಬ್‌ಸೈಟು. ಒಂದರಲ್ಲಿ ಹನ್ನೆರಡು ಪ್ರಶ್ನೆಗೆ ಟಿಕ್ ಹಾಕಿದೆ, 149 ಡಾಲರ್ ಕಟ್ಟಿದೆ. ಒಂದು ವಾರಕ್ಕೆ ಪೊಟ್ಟಣ ಬಂತು. ಬೋಂಡನ ಫೋಟೊ ಇರುವ ಪ್ಲಾಸ್ಟಿಕ್ ಕಾರ್ಡು, ಬಂಗಾರದ ಅಂಚಿನ ಸರ್ಟಿಫಿಕೇಟು, ನಾಯಿಗೆ ತೊಡಿಸುವ ಕೆಂಪು ವೆಸ್ಟು. 'ರಾಷ್ಟ್ರೀಯ ನೋಂದಣಿ ಸಂಖ್ಯೆ' ಬೇರೆ. ನೋಡಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಜುಲೈ 11ರಂದು ಲೀಸಿಂಗ್ ಆಫೀಸಿಗೆ (ಅಪಾರ್ಟ್‌ಮೆಂಟಿನ ಬಾಡಿಗೆ ವ್ಯವಹಾರ ನೋಡುವ ಕಚೇರಿಗೆ) ತೆಗೆದುಕೊಂಡು ಹೋದೆ. ಅಲ್ಲಿದ್ದಾಕೆ ಕಾರ್ಡನ್ನು ಒಂದು ಸಲ ತಿರುಗಿಸಿ ನೋಡಿ ಮೇಜಿನ ಮೇಲೆ ನನ್ನ ಕಡೆ ಜರುಗಿಸಿದಳು. ದಿನಕ್ಕೆ ಹತ್ತು ನೋಡುವವಳ ಹಾಗೆ. "ಚಿಕಿತ್ಸೆ ಕೊಡುತ್ತಿರುವವರ ಪತ್ರ ಇದ್ದರೆ ತನ್ನಿ" ಅಂದಳು. ಒರಟಾಗಿ ಅಲ್ಲ. ಅದೇ ಇನ್ನೂ ನಾಚಿಕೆಯಾಯಿತು. ಮನೆಗೆ ಬಂದು ಪೊಟ್ಟಣ ಕೆದಕಿದರೆ ಒಂದು ಸಣ್ಣ ಅಕ್ಷರದ ಚೀಟಿ ಸಿಕ್ಕಿತು. ಇದರಿಂದ ನಿಮ್ಮ ನಾಯಿ ಸರ್ವಿಸ್ ಡಾಗ್ (ಅಂಗವಿಕಲರ ನೆರವಿಗೆ ತರಬೇತಿ ಪಡೆದ ನಾಯಿ) ಆಗುವುದಿಲ್ಲ, ಆ ಹಕ್ಕುಗಳು ಬರುವುದಿಲ್ಲ ಅಂತ ಅದರಲ್ಲಿ ಬರೆದಿತ್ತು. ಹೀಗೆ ಬರೆದು ಕೊಡಬೇಕೆಂದು ಇಂಥ ಕಾರ್ಡು, ವೆಸ್ಟು ಮಾರುವವರಿಗೆ ಕ್ಯಾಲಿಫೋರ್ನಿಯಾ ಕಾನೂನು ಕಡ್ಡಾಯ ಮಾಡಿದೆ. ಅವರು ಕೊಟ್ಟಿದ್ದರು. ನಾನು ಓದಿರಲಿಲ್ಲ ಅಷ್ಟೆ.

ಗೊತ್ತಾದ ಮೊದಲ ಸತ್ಯ ಇದು: ಅಮೆರಿಕದಲ್ಲಿ ಇಎಸ್‌ಎಗೆ ಯಾವ ಸರ್ಕಾರಿ ನೋಂದಣಿಯೂ ಇಲ್ಲ. ನಾಯಿಗೆ ಪರೀಕ್ಷೆ ಇಲ್ಲ, ತರಬೇತಿಯೂ ಬೇಕಿಲ್ಲ. ಪರೀಕ್ಷೆ ಏನಿದ್ದರೂ ನಮಗೆ. ಪತ್ರ ನಾಯಿಯ ಬಗ್ಗೆ ಅಲ್ಲ, ನಮ್ಮ ಬಗ್ಗೆ.

ಎರಡನೆಯ ಸತ್ಯ ಗೊತ್ತಾಗಿದ್ದು ಇಂಡಿಯನ್ ಅಂಗಡಿಯಲ್ಲಿ. ಒಂದು ಶನಿವಾರ ಬೋಂಡನನ್ನು ವಾಕಿಂಗ್ ಕರೆದುಕೊಂಡು ಹೋದವಳು, 149 ಡಾಲರ್ ವಸೂಲಾಗಲಿ ಅಂತ ವೆಸ್ಟ್ ಹಾಕಿಸಿದ್ದೆ. ಕೊತ್ತಂಬರಿ ಸೊಪ್ಪು ಬೇಕಿತ್ತು, ಹಾಗೇ ಒಳಗೆ ನುಗ್ಗಿದೆ. ಕೌಂಟರಿನವರು ಕೇಳಿದರು: ಇದು ಸರ್ವಿಸ್ ಡಾಗಾ? ಏನು ಕೆಲಸ ಮಾಡೋಕೆ ತರಬೇತಿ ಕೊಟ್ಟಿದೆ? ಅಂಗಡಿಯವರು ಕೇಳಬಹುದಾದ ಪ್ರಶ್ನೆ ಇವೆರಡೇ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿ, ಮೂರ್ಛೆ ಬಂದಾಗ ಜನರನ್ನು ಎಚ್ಚರಿಸುವ ನಾಯಿ, ಇವು ಸರ್ವಿಸ್ ಡಾಗ್. ಅವಕ್ಕೆ ಅಂಗಡಿ, ಹೋಟೆಲು, ಬಸ್ಸು ಎಲ್ಲಾ ಕಡೆ ಪ್ರವೇಶ ಉಂಟು. ಪ್ಯಾನಿಕ್ ಬಂದಾಗ ಇಂತಿಂಥದ್ದು ಮಾಡಬೇಕು ಅಂತ ಕಲಿತ ನಾಯಿಯೂ ಸರ್ವಿಸ್ ಡಾಗೇ. ಬೋಂಡ ಕಲಿತದ್ದು ಏನೂ ಇಲ್ಲ. ಅವನಿಗೆ ಗಲ್ಲ ಇಡಲು ಒಂದು ಜಾಗ ಬೇಕು, ಅಷ್ಟೆ. ನಾನು "ಇಲ್ಲ" ಅಂದು ಹೊರಗೆ ಬಂದೆ. ಹೌದು ಅಂದಿದ್ದರೆ? ಇಲ್ಲಿ ಅದು ಅಪರಾಧ: 1000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಕೊತ್ತಂಬರಿ ಸೊಪ್ಪಿಗೆ ಅಷ್ಟು ಜಾಸ್ತಿಯೇ ಆಯಿತು.

ಇಎಸ್‌ಎ ಹಕ್ಕು ಇರುವುದು ಮುಖ್ಯವಾಗಿ ವಾಸದ ಮನೆಗೆ. ಅದರ ಬೇರು ಅಮೆರಿಕದ ಕೇಂದ್ರ ಸರ್ಕಾರದ 1968ರ ಫೇರ್ ಹೌಸಿಂಗ್ ಕಾಯ್ದೆ, ಮನೆ ಕೊಡುವಾಗ ಭೇದ ಮಾಡಬಾರದು ಅನ್ನುವುದು. 1988ರ ತಿದ್ದುಪಡಿಯಲ್ಲಿ ಅಂಗವೈಕಲ್ಯ, ಮಾನಸಿಕ ತೊಂದರೆ ಇರುವವರೂ ಅದರೊಳಗೆ ಬಂದರು. ಕ್ಯಾಲಿಫೋರ್ನಿಯಾಕ್ಕೆ ತನ್ನದೇ ಕಾನೂನೂ ಇದೆ. ಬೇರೆ ರಾಜ್ಯದಲ್ಲಿರುವವರು ಒಂದು ವಿಷಯ ನೋಡಿಕೊಳ್ಳಿ: ಮಾಲೀಕರೇ ಒಂದು ಭಾಗದಲ್ಲಿ ವಾಸವಿರುವ, ನಾಲ್ಕು ಮನೆವರೆಗಿನ ಸಣ್ಣ ಕಟ್ಟಡಕ್ಕೆ ಕೇಂದ್ರದ ಕಾಯ್ದೆ ಸಾಮಾನ್ಯವಾಗಿ ಅನ್ವಯವಾಗುವುದಿಲ್ಲ. ಅಂಥ ಮನೆಯಲ್ಲಿದ್ದರೆ ಮೊದಲು ನಿಮ್ಮ ರಾಜ್ಯದ ಕಾನೂನು ಓದಿ, ಆಮೇಲೆ ನಾಯಿ ತನ್ನಿ.

ಇನ್ನು ಪತ್ರ ಕೊಡುವವರನ್ನು ಹುಡುಕಬೇಕಿತ್ತು. ನಮ್ಮ ಕಂಪನಿಯಲ್ಲಿ ನೌಕರರಿಗೆ ಐದು ಕೌನ್ಸೆಲಿಂಗ್ ಪುಕ್ಕಟೆ. ಅಲ್ಲಿ ಕೇಳಿದರೆ, ನಾವು ಇಂಥ ಪತ್ರ ಬರೆಯುವುದಿಲ್ಲ ಅಂದರು. ಇನ್ಶೂರೆನ್ಸ್ ಪಟ್ಟಿ ಹಿಡಿದು ಹನ್ನೊಂದು ಥೆರಪಿಸ್ಟ್‌ಗಳಿಗೆ ಬರೆದೆ. ನಾಲ್ವರು ಉತ್ತರಿಸಿದರು. ಇಬ್ಬರ ಬಳಿ ಜಾಗವಿಲ್ಲ. ಒಬ್ಬರು ಇಎಸ್‌ಎ ಪತ್ರ ಬರೆಯುವುದೇ ಇಲ್ಲವಂತೆ. ಇದು ಅಪರೂಪವೇನಲ್ಲ, ಎಷ್ಟೋ ಥೆರಪಿಸ್ಟ್‌ಗಳ ನಿಲುವು ಅದು. ಆದ್ದರಿಂದ ಮೊದಲ ಫೋನಿನಲ್ಲೇ ಕೇಳಿಬಿಡಿ. ನಾಲ್ಕನೆಯವರು ಹೇಳಿದ್ದು ಹೀಗೆ: "ಕೊಡ್ತೀನಿ ಅಂತ ಮಾತು ಕೊಡಲಾರೆ. ಮೊದಲು ನಿಮ್ಮನ್ನು ನೋಡ್ತೀನಿ." ನನಗೆ ಸಿಟ್ಟು ಬಂತು. ಈಗ ಅನಿಸುತ್ತದೆ, ಸರಿಯಾದ ಕಡೆ ಬಂದಿದ್ದೇನೆ ಅನ್ನುವುದಕ್ಕೆ ಆ ಮಾತೇ ಗುರುತು. ಹತ್ತು ನಿಮಿಷದಲ್ಲಿ ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ.

ಅವರ ಮೊದಲ ಬಿಡುವು ಜುಲೈ 26. ಅವತ್ತು ಇನ್ನೊಂದು ಸಿಡಿಲು. ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿ 1ರಿಂದ ಹೊಸ ಕಾನೂನಿದೆ, ಎಬಿ 468 ಅಂತ. ಇಎಸ್‌ಎ ನಾಯಿಗೆ ಪತ್ರ ಕೊಡುವ ಮೊದಲು ಥೆರಪಿಸ್ಟ್ ನಮ್ಮನ್ನು ಕನಿಷ್ಠ 30 ದಿನದಿಂದ ಬಲ್ಲವರಾಗಿರಬೇಕು, ಮನಸ್ಸಿನ ಸ್ಥಿತಿಯನ್ನು ಪೂರ್ತಿ ಪರೀಕ್ಷಿಸಿರಬೇಕು. ಅವರ ಲೈಸೆನ್ಸ್ ಇದೇ ರಾಜ್ಯದ್ದಾಗಿರಬೇಕು. ಲೂಸಿಯಾನಾ, ಮೊಂಟಾನಾದಂಥ ಕೆಲವು ರಾಜ್ಯಗಳಲ್ಲೂ ಈ 30 ದಿನದ ನಿಯಮ ಬಂದಿದೆ. ಕ್ಯಾಲೆಂಡರ್ ನೋಡಿದೆ. 30 ದಿನ ಮುಗಿಯುವುದು ಆಗಸ್ಟ್ 25ಕ್ಕೆ. ಗೆಳೆಯನ ವಿಮಾನ ಆಗಸ್ಟ್ 29ರ ರಾತ್ರಿ. ಕಾರ್ಡಿನ ಹಿಂದೆ ಹೋಗದೆ ಜುಲೈ ಮೊದಲ ವಾರವೇ ಥೆರಪಿಸ್ಟ್ ಹುಡುಕಿದ್ದರೆ ಎಲ್ಲವೂ ಆರಾಮಾಗಿ ಆಗುತ್ತಿತ್ತು, ಅಲ್ವಾ? ಅವತ್ತು ಇದೇ ಲೆಕ್ಕ ನೂರು ಸಲ ಹಾಕಿದೆ.

ಮಾತುಕತೆ ಎಲ್ಲಾ ವಿಡಿಯೋದಲ್ಲಿ. ಮನೆಯ ಗೋಡೆ ತೆಳು, ಪಕ್ಕದ ಮನೆಯವರೂ ಕನ್ನಡದವರು. ಹಾಗಾಗಿ ನಾನು ಕಾರಿನಲ್ಲಿ ಕೂತು ಮಾತಾಡುತ್ತಿದ್ದೆ. ಸ್ಟಿಯರಿಂಗಿಗೆ ಫೋನ್ ಆನಿಸಿ, ಎಸಿ ಹಾಕಿಕೊಂಡು. ಮೊದಲ ದಿನ ನಾಯಿಯ ಮಾತೇ ಬರಲಿಲ್ಲ. ನಿದ್ದೆ ಹೇಗಿದೆ, ಫ್ರೀವೇ ಯಾವಾಗ ಬಿಟ್ಟಿರಿ, ಕೆಲಸಕ್ಕೆ ಎಷ್ಟು ತೊಂದರೆಯಾಗಿದೆ ಅಂತೆಲ್ಲ ಕೇಳಿದರು. ಆ ಮೂರು ಗಂಟೆಯ ಫೋನಿನ ಬಗ್ಗೆ ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವತ್ತೇ, ಇಂಗ್ಲಿಷಿನಲ್ಲಿ, ಒಬ್ಬ ಅಪರಿಚಿತರ ಮುಂದೆ, ಟಯೋಟಾದೊಳಗೆ.

ಯಾರಿಗೆ ಪತ್ರ ಸಿಗುತ್ತದೆ ಅಂತ ಕೇಳುವವರಿಗೆ: ಸುಮ್ನೆ ಬೇಜಾರು, ಒಂಟಿತನ, ನಾಯಿ ಅಂದರೆ ಪ್ರೀತಿ, ಇಷ್ಟು ಸಾಲದು. ಮಾನಸಿಕ ತೊಂದರೆ ಒಂದು ಇರಬೇಕು, ಅದು ನಿದ್ದೆ, ಕೆಲಸ, ಜನರ ಜೊತೆ ಬೆರೆಯುವುದು ಇಂಥ ದಿನದ ಮುಖ್ಯ ಸಂಗತಿಗಳಿಗೆ ಅಡ್ಡಬರುತ್ತಿರಬೇಕು. ಪ್ರಾಣಿ ಜೊತೆಗಿದ್ದರೆ ಆ ಅಡ್ಡಿ ಕಡಿಮೆಯಾಗುತ್ತದೆ ಅನ್ನುವ ಕೊಂಡಿಯೂ ಬೇಕು. ಕೇಂದ್ರದ ಕಾನೂನು 'ಗಣನೀಯ' ಅಡ್ಡಿ ಕೇಳುತ್ತದೆ, ಕ್ಯಾಲಿಫೋರ್ನಿಯಾಕ್ಕೆ ಅಡ್ಡಿ ಅಂತಿದ್ದರೆ ಸಾಕು. ನನಗೆ ನೆರವಾದದ್ದು ಮೇ ತಿಂಗಳ ಆ ಹತ್ತು ದಿನ. ಕೈಗಡಿಯಾರದಲ್ಲಿ ನಿದ್ದೆಯ ಲೆಕ್ಕ ಇತ್ತು, ತೋರಿಸಿದೆ. ಅದನ್ನು ಯಾರೂ ಕಡ್ಡಾಯವಾಗಿ ಕೇಳುವುದಿಲ್ಲ. ಇದ್ದರೆ ಮಾತು ಸುಲಭ.

ಅಮ್ಮನಿಗೆ ಹೇಳಿದ್ದು ಆಗಸ್ಟ್ ಮಧ್ಯದಲ್ಲಿ. ಬರೀ ನಾಯಿ ವಿಷಯ ಹೇಳೋಣ ಅಂತ ಶುರು ಮಾಡಿದೆ, ಚೀಟಿ ಅನ್ನುವ ಮಾತು ಬಾಯಿಂದ ಜಾರಿತು. "ನಾಯಿ ಸಾಕೋಕೆ ಹುಚ್ಚಿನ ಡಾಕ್ಟರ ಚೀಟಿ ಯಾಕೇ? ನಮ್ಮ ತೋಟದ ಕರಿಯನಿಗೆ ಯಾವ ಚೀಟಿ ಇತ್ತು?" ಅಂದರು. ನಾನು ನಕ್ಕೆ. ಅಮ್ಮ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಮೂರು ವರ್ಷದಿಂದ ನಿದ್ದೆ ಇಲ್ಲ ಅಂತ ನಂಗ್ಯಾಕೆ ಹೇಳಲಿಲ್ಲ?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಅಪ್ಪ ಹೋದ ಮೇಲೆ ಕರಿಯ ಹದಿನೈದು ದಿನ ಪಂಪ್‌ಸೆಟ್ ಮನೆ ಬಾಗಿಲು ಬಿಟ್ಟು ಕದಲಿರಲಿಲ್ಲವಂತೆ. ನನಗೆ ಅದು ಅವತ್ತೇ ಗೊತ್ತಾಗಿದ್ದು.

ಆಗಸ್ಟ್ 27ಕ್ಕೆ ಐದನೇ ಭೇಟಿ. ಅಂದೇ ಪತ್ರ ಕೈಗೆ ಬಂತು, ಒಂದೇ ಪುಟ. ನನ್ನ ಕಾಯಿಲೆಯ ಹೆಸರು ಅದರಲ್ಲಿ ಇಲ್ಲ. ಕಾನೂನಿನ ಪ್ರಕಾರ ಇರುವಂಥ ತೊಂದರೆ ಇದೆ, ಈ ನಾಯಿ ಜೊತೆಗಿರುವುದು ಅವಶ್ಯ ಅಂತ ಇದೆ. ಸರ್ವಿಸ್ ಡಾಗ್ ಅಂತ ಸುಳ್ಳು ಹೇಳಿದರೆ ಅಪರಾಧ ಅನ್ನುವುದನ್ನು ಥೆರಪಿಸ್ಟ್ ನನಗೆ ಬಾಯಿಮಾತಲ್ಲೂ ಹೇಳಿದರು. ಅದನ್ನು ತಿಳಿಸುವುದೂ ಎಬಿ 468ರ ಷರತ್ತು. ಗೊತ್ತು, ಕೊತ್ತಂಬರಿ ಸೊಪ್ಪಿನ ದಿನವೇ ಕಲಿತೆ ಅಂದೆ.

ಅಂದೇ ಸಂಜೆ ಲೀಸಿಂಗ್ ಆಫೀಸಿಗೆ ಇಮೇಲ್ ಮಾಡಿದೆ. ಎಲ್ಲವೂ ಬರಹದಲ್ಲೇ ಇರಲಿ, ಬಾಯಿಮಾತು ಬೇಡ. ಇಮೇಲ್‌ಗೆ ಕೊಡುವ ವಿಷಯ 'ರೀಸನಬಲ್ ಅಕಾಮಡೇಶನ್' ಕೋರಿಕೆ ಅಂತ. ತೊಂದರೆ ಇರುವವರಿಗಾಗಿ ನಿಯಮ ಸಡಿಲಿಸಿ ಅಂತ ಅದರರ್ಥ. ಇದು ಕಾನೂನಿನ ಮಾತು, ಅವರಿಗೆ ಅರ್ಥವಾಗುತ್ತದೆ. ಮಾರನೇ ದಿನ ಉತ್ತರ ಬಂತು: ನಿಮ್ಮ ಕಾಯಿಲೆ ಯಾವುದು, ಚಿಕಿತ್ಸೆಯ ದಾಖಲೆ ಕಳಿಸಿ. ಕೈ ನಡುಗಿತು. ಎಚ್‌-1ಬಿ, ಗ್ರೀನ್ ಕಾರ್ಡ್ ಅಂತ ಏನೇನೋ ಭಯ. ಥೆರಪಿಸ್ಟ್ ಹೇಳಿಕೊಟ್ಟ ಹಾಗೆ ಎರಡೇ ಸಾಲು ಬರೆದೆ. ಕಾಯಿಲೆಯ ಹೆಸರು, ದಾಖಲೆ ಕೇಳಲು ಅವಕಾಶವಿಲ್ಲ, ಪತ್ರವನ್ನೂ ಲೈಸೆನ್ಸ್ ಸಂಖ್ಯೆಯನ್ನೂ ಪರಿಶೀಲಿಸಿಕೊಳ್ಳಿ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಆದರೆ ಆಗಸ್ಟ್ 30ಕ್ಕೆ ಇನ್ನೊಂದು ಕೊಕ್ಕೆ. ಪತ್ರದಲ್ಲಿ ಲೈಸೆನ್ಸ್ ಸಂಖ್ಯೆ ಇದೆ, ಅದು ಯಾವತ್ತಿನಿಂದ ಚಾಲ್ತಿ ಅನ್ನುವ ತಾರೀಖು ಇಲ್ಲ. ಈ ಸಲ ತಪ್ಪು ನಮ್ಮದೇ. ಕಾನೂನು ಕೇಳುವುದು ನಾಲ್ಕು: ಲೈಸೆನ್ಸ್ ಸಂಖ್ಯೆ, ಯಾವ ಬಗೆಯ ಲೈಸೆನ್ಸ್, ಯಾವ ರಾಜ್ಯದ್ದು, ಯಾವತ್ತಿನಿಂದ. ಪತ್ರ ಕೈಗೆ ಬಂದ ತಕ್ಷಣ ಇವನ್ನು ಬೆರಳಿಟ್ಟು ಎಣಿಸಿ. ನಾನು ಕಣ್ಣೀರು ಒರೆಸಿಕೊಳ್ಳುವುದರಲ್ಲಿ ಎಣಿಸಿರಲಿಲ್ಲ. ಮುಂದೆ ಶನಿವಾರ, ಭಾನುವಾರ, ಸೋಮವಾರ ಲೇಬರ್ ಡೇ ರಜೆ. ತಿದ್ದಿದ ಪತ್ರ ಹೋದದ್ದು ಸೆಪ್ಟೆಂಬರ್ 3ಕ್ಕೆ.

ಅಷ್ಟರಲ್ಲಿ ಗೆಳೆಯ ಹೋಗಿಯಾಗಿತ್ತು. ಏರ್‌ಪೋರ್ಟಿಗೆ ಹೊರಡುವ ಮುಂಚೆ ಇಬ್ಬರೂ ಸೇರಿ ಬೋಂಡನನ್ನು ನಾಯಿಗಳ ಬೋರ್ಡಿಂಗಿಗೆ ಬಿಟ್ಟೆವು. ಗೆಳೆಯ ತನ್ನ ಹಳೇ ಟೀಶರ್ಟ್ ಒಂದನ್ನು ಅವನ ಹಾಸಿಗೆಯಲ್ಲಿಟ್ಟ. ಕಾರಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಒಂದು ರಾತ್ರಿಗೆ 55 ಡಾಲರ್, ಹನ್ನೊಂದು ರಾತ್ರಿಗೆ 605. ಇಡೀ ವ್ಯವಹಾರದಲ್ಲಿ ದೊಡ್ಡ ಖರ್ಚು ಇದೇ. ಥೆರಪಿಗೆ ಇನ್ಶೂರೆನ್ಸ್ ಹೋಗಿ ನನ್ನ ಪಾಲು ಭೇಟಿಗೆ 30ರಂತೆ 150. ಪತ್ರಕ್ಕೆ ಬೇರೆ ಹಣ ತೆಗೆದುಕೊಳ್ಳಲಿಲ್ಲ, ಕೆಲವರು ತೆಗೆದುಕೊಳ್ಳುತ್ತಾರೆ. ರೇಬಿಸ್ ಲಸಿಕೆ, ನಾಯಿ ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸುವುದು ಬೇರೆ. ಇಎಸ್‌ಎ ಆದರೂ ನಾಯಿ ನಾಯಿಯೇ, ಅದಕ್ಕೆ ವಿನಾಯಿತಿ ಇಲ್ಲ. 149 ಡಾಲರಿನ ಕಾರ್ಡನ್ನು ನಾನು ಲೆಕ್ಕಕ್ಕೆ ಸೇರಿಸುವುದಿಲ್ಲ, ಹೊಟ್ಟೆ ಉರಿಯುತ್ತದೆ.

ಸೆಪ್ಟೆಂಬರ್ 9, ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಒಪ್ಪಿಗೆಯ ಇಮೇಲ್ ಬಂತು. ತೂಕದ ಮಿತಿ, ತಳಿಯ ಪಟ್ಟಿ ಬೋಂಡನಿಗೆ ಅನ್ವಯವಿಲ್ಲ. ಡಿಪಾಸಿಟ್ 500, ತಿಂಗಳ 75 ಎರಡೂ ಇಲ್ಲ, ಯಾಕೆಂದರೆ ಕಾನೂನಿನ ಲೆಕ್ಕದಲ್ಲಿ ಅವನು ಸಾಕುಪ್ರಾಣಿ ಅಲ್ಲ. ಹಾಗಂತ ಬಾಗಿಲು ಕೆರೆದು ಹಾಳು ಮಾಡಿದರೆ ನಾನೇ ಕಟ್ಟಬೇಕು. ಯಾರನ್ನಾದರೂ ಕಚ್ಚಿದರೆ ಒಪ್ಪಿಗೆ ವಾಪಸ್ ಹೋಗಬಹುದು. ನಾಯಿಯ ಜಾತಿ ನೋಡಿ ಬೇಡ ಅನ್ನುವಂತಿಲ್ಲ, ನಡತೆ ನೋಡಿ ಅನ್ನಬಹುದು. ಮನುಷ್ಯರಿಗೂ ಹೀಗೇ ಇದ್ದಿದ್ದರೆ ಅನಿಸಿತು.

ಬೆಂಗಳೂರಿನಲ್ಲಿರುವ ತಮ್ಮ ಕೇಳಿದ, "ಅಕ್ಕ, ನಮ್ಮ ಅಪಾರ್ಟ್‌ಮೆಂಟಲ್ಲೂ ನಾಯಿ ಬೇಡ ಅಂತಾರೆ, ನಾನೂ ಇಂಥ ಪತ್ರ ತರಲಾ?" ಅಲ್ಲಿ ಇಎಸ್‌ಎ ಅನ್ನುವ ಕಾನೂನೇ ಇಲ್ಲ, ಪತ್ರಕ್ಕೆ ಹಣ ಸುರಿಯಬೇಡ ಅಂದೆ. ಅವನಿಗೆ ಬೇಕಾದದ್ದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ. ನಿವಾಸಿಗಳ ಸಂಘ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಅಂತ ಅದರಲ್ಲಿದೆ. ಪ್ರಿಂಟ್ ಹಾಕಿಸಿ ಸಂಘದ ಸಭೆಗೆ ಹೋಗಿದ್ದಾನೆ. ಜಗಳ ನಡೆಯುತ್ತಿದೆ.

ನನಗೆ ಈಗಲೂ ಕೆಲವು ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. ಥೆರಪಿ ನಿಲ್ಲಿಸಿಲ್ಲ, ಗುರುವಾರ ನಾಲ್ಕಕ್ಕೆ ಕಾರು ಹತ್ತುತ್ತೇನೆ. ಈಗ ಬೋಂಡನೂ ಹಿಂದಿನ ಸೀಟಿನಲ್ಲಿ ಇರುತ್ತಾನೆ.

ಡಿಸೆಂಬರಿನಲ್ಲಿ ಊರಿಗೆ ಟಿಕೆಟ್ ಮಾಡಿಸಿದ್ದೇನೆ. ಅಮ್ಮನ ಹಟ, ಅವನನ್ನೂ ಕರ್ಕೊಂಡು ಬಾ ಅಂತ. ಕೂರಿಸಿಕೊಂಡು ವಿವರಿಸಿದೆ. ಮೊದಲೆಲ್ಲ ಇಲ್ಲಿ ಇಎಸ್‌ಎ ಪತ್ರ ತೋರಿಸಿದರೆ ವಿಮಾನದಲ್ಲಿ ಪುಕ್ಕಟೆ ಬಿಡುತ್ತಿದ್ದರು. ಜನ ಅತಿ ಮಾಡಿದರು. 2018ರಲ್ಲಿ ಒಬ್ಬಾಕೆ ನ್ಯೂಆರ್ಕ್ ವಿಮಾನ ನಿಲ್ದಾಣಕ್ಕೆ ನವಿಲು ತಂದಿದ್ದಳು, ಹತ್ತಿಸಿಕೊಳ್ಳಲಿಲ್ಲ. ("ಸುಬ್ರಹ್ಮಣ್ಯನ ವಾಹನ ಕಣೇ ಅದು" ಅಂದರು ಅಮ್ಮ ನಡುವೆ.) 2021ರ ಜನವರಿಯಿಂದ ನಿಯಮ ಬದಲಾಯಿತು. ಈಗ ತರಬೇತಿ ಪಡೆದ ಸರ್ವಿಸ್ ಡಾಗ್‌ಗೆ ಮಾತ್ರ ಆ ಹಕ್ಕು, ಇಎಸ್‌ಎ ಸಾಮಾನ್ಯ ಸಾಕುನಾಯಿಯ ಲೆಕ್ಕ. 52 ಪೌಂಡಿನವನು ಸೀಟಿನ ಕೆಳಗೆ ಹಿಡಿಸುವುದಿಲ್ಲ, ಸಾಮಾನಿನ ಜೊತೆ ಕಳಿಸಲು ನನಗೆ ಮನಸ್ಸಿಲ್ಲ. ಇಪ್ಪತ್ಮೂರು ರಾತ್ರಿ ಬೋರ್ಡಿಂಗ್ ಬುಕ್ ಮಾಡಿದ್ದೇನೆ ಅಂದೆ.

ಅಮ್ಮ ಎಲ್ಲ ಕೇಳಿಸಿಕೊಂಡರು. "ಎರಡು ತಿಂಗಳು ಚೀಟಿ ಚೀಟಿ ಅಂತ ಪ್ರಾಣ ತಿಂದೆ," ಅಂದರು. "ವಿಮಾನದವರಿಗೆ ಓದೋಕೆ ಬರಲ್ವಂತಾ?"